ಗಂಜಿ ಹಾಕಿದ ಬಟ್ಟೆಯೂ ಪ್ರೋಟೀನ್ ಹಿಡಿಯುವ ಪೊರೆಯೂ

ಹೋದ ತಿಂಗಳು ಅಣ್ಣನ ಮಗಳು ಮುಂಬಯಿಯ ಮಾಟುಂಗಾದಿಂದ ಎರಡು ದಿನದ ಮಟ್ಟಿಗೆ ಪುಣೆಯ ನಮ್ಮ ಮನೆಗೆ ಬಂದಿದ್ದಳು. ಅವಳು ಅಲ್ಲಿಯ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿಯಲ್ಲಿ ಎಂ.ಟೆಕ್. ಓದುತ್ತಿದ್ದಾಳೆ. ನನ್ನ ಓದುವ ಮೇಜಿನ ಮೇಲೆ ಒಂದು ಸಣ್ಣ ಡಬ್ಬಿಯಲ್ಲಿ, ರೂಪಾಯಿ ನಾಣ್ಯದಷ್ಟು ಅಗಲದ ಪ್ರೋಟೀನು ಶುದ್ಧಗೊಳಿಸಲು ಬಳಸುವ ಸೂಕ್ಷ್ಮ ರಂಧ್ರಗಳ ಪೊರೆಯಿಂದ ಕತ್ತರಿಸಿದ ಬಿಳಿಯ ಬಿಲ್ಲೆಗಳು ಇದ್ದವು. ಅವಳು ಒಂದನ್ನು ಚಿಮುಟಿಗೆಯಿಂದ ಎತ್ತಿ, ದೀಪಕ್ಕೆ ಹಿಡಿದು, ತಿರುಗಿಸಿ ನೋಡಿ, "ಕಾಕಾ, ಕಡೀಕ ಇದೂ ಒಂದು ಸಾಣಿಗಿನ ಅಲ್ಲೇನ್ರಿ?" ಎಂದು ಕೇಳಿದಳು. ಅಲ್ಲವೆಂದು ಹೇಳುವುದು ಸುಲಭವಾಗಿತ್ತು, ಏಕೆ ಅಲ್ಲವೆಂದು ಹೇಳಲು ರಾತ್ರಿಯ ಊಟದ ಹೊತ್ತಾಯಿತು. ಆಗ ಹೇಳಿದ್ದನ್ನೂ ಹೇಳಲು ಮರೆತದ್ದನ್ನೂ ಕೂಡಿಸಿ ಇಲ್ಲಿ ಬರೆದಿಡುತ್ತಿದ್ದೇನೆ; ಹದಿನೈದು ವರ್ಷಗಳಿಂದ ಪ್ರೋಟೀನುಗಳನ್ನು ಶುದ್ಧಗೊಳಿಸುವ ಕೆಲಸದಲ್ಲಿರುವ ನನಗೆ, ಈ ಬಿಲ್ಲೆಯಷ್ಟು ವಿಚಾರಕ್ಕೆ ಹಚ್ಚಿದ ವಸ್ತು ಇನ್ನೊಂದಿಲ್ಲ.

ಸಾಣಿಗೆಯು ಗಾತ್ರವನ್ನು ನೋಡಿ ಬೇರ್ಪಡಿಸುತ್ತದೆ. ತನ್ನ ಕಣ್ಣಿಗಿಂತ ದಪ್ಪಗಿರುವುದನ್ನು ಮೇಲೆ ಉಳಿಸಿಕೊಂಡು, ಸಣ್ಣದನ್ನು ಕೆಳಗೆ ಬಿಡುತ್ತದೆ. ನಮ್ಮ ಕಾರ್ಖಾನೆಗಳಲ್ಲಿ ಅಂಥ ಪೊರೆಗಳೂ ಇವೆ: ಬ್ಯಾಕ್ಟೀರಿಯಾಗಳನ್ನು ತಡೆಯಲು 0.2 ಮೈಕ್ರಾನಿನವು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), ವೈರಸ್ಸುಗಳನ್ನು ತಡೆಯಲು ಸುಮಾರು 20 ನ್ಯಾನೊಮೀಟರಿನವು. ಆದರೆ ಅವಳ ಕೈಯಲ್ಲಿದ್ದ ಬಿಲ್ಲೆಯ ರಂಧ್ರ ಸುಮಾರು ಒಂದು ಮೈಕ್ರಾನ್, ಅಂದರೆ 1000 ನ್ಯಾನೊಮೀಟರ್. ಅಂಥ ಬಿಲ್ಲೆಗಳೊಳಗಿಂದ ನಾವು ಹಾಯಿಸುವ, ಔಷಧವಾಗಿ ಬಳಸುವ ಪ್ರತಿಕಾಯ (ಆಂಟಿಬಾಡಿ) ಎಂಬ ಪ್ರೋಟೀನಿನ ಅಡ್ಡಳತೆ ಹತ್ತು ನ್ಯಾನೊಮೀಟರಿನ ಆಸುಪಾಸು. ನೂರು ಅಡಿ ಅಗಲದ ರಸ್ತೆಯಲ್ಲಿ ಒಂದಡಿ ಅಗಲದ ಮನುಷ್ಯ ನಡೆದು ಹೋದಂತೆ ಇದು. ಗಾತ್ರದ ಲೆಕ್ಕದಲ್ಲಿ ಇಲ್ಲಿ ಯಾವುದೂ ಸಿಕ್ಕಿಬೀಳಬಾರದು. ಆದರೂ ಬೇಕಾದದ್ದು ನಿಲ್ಲುತ್ತದೆ, ಬೇಡವಾದದ್ದು ಹೋಗುತ್ತದೆ. ಅಥವಾ ಅದೇ ಪೊರೆಯನ್ನು ಬೇರೆ ರೀತಿಯಲ್ಲಿ ಬಳಸಿದಾಗ ಬೇಡವಾದದ್ದು ನಿಂತು, ಬೇಕಾದದ್ದು ಮುಂದೆ ಹೋಗುತ್ತದೆ. ಹಿಡಿಯುವ ಕೆಲಸವನ್ನು ಮಾಡುವುದು ರಂಧ್ರವಲ್ಲ, ರಂಧ್ರದ ಗೋಡೆಗೆ ಬಳಿದ ತೆಳುವಾದ ಪಾಲಿಮರ್ ಲೇಪ, ಅಂದರೆ ಸಣ್ಣ ಅಣುಗಳು ಸರಪಳಿಯಂತೆ ಕೂಡಿಕೊಂಡ ವಸ್ತುವಿನ ಲೇಪ.

ಪುಣೆಗೆ ಔಷಧಗಳ ಶುದ್ಧೀಕರಣ ಹೊಸದಲ್ಲ. ಪಕ್ಕದ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಪೆನಿಸಿಲಿನ್ ತಯಾರಿಸಿತು. ಪೆನಿಸಿಲಿನ್-ಜಿ ಅಣುವಿನ ತೂಕ ಸುಮಾರು 334; ಅದನ್ನು ಬೂಷ್ಟಿನ ಸಾರದಿಂದ ದ್ರಾವಕವೊಂದಕ್ಕೆ ಎಳೆದುಕೊಂಡು ಬೇರ್ಪಡಿಸಬಹುದು. ಪ್ರತಿಕಾಯದ ಅಣುತೂಕ ಸುಮಾರು 1,50,000. ಅದಕ್ಕೆ ದ್ರಾವಕ ತಾಗಿದರೆ ಮಡಿಕೆಗಳು ಬಿಚ್ಚಿಹೋಗುತ್ತವೆ, ಕಾಸಿದರೆ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತದೆ, ಜೋರಾಗಿ ಕಲಕಿದರೆ ನೊರೆಯಲ್ಲಿಯೇ ಒಂದಿಷ್ಟು ಕೆಡುತ್ತದೆ. ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಅಂಡಾಶಯದ ಜೀವಕೋಶಗಳನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಅವು ಸ್ರವಿಸಿದ ಪ್ರತಿಕಾಯವನ್ನು ತೆಗೆಯುವಾಗ, ಅದರ ಜೊತೆಗೆ ಆ ಜೀವಕೋಶಗಳ ಸಾವಿರಾರು ಬಗೆಯ ಬೇರೆ ಪ್ರೋಟೀನುಗಳು, ಒಡೆದ ಕೋಶಗಳ ಡಿಎನ್ಎ, ಪೋಷಕಾಂಶಗಳ ಶೇಷ ಎಲ್ಲವೂ ಬರುತ್ತವೆ. ಅಂತಿಮ ಔಷಧದ ಒಂದು ಡೋಸಿನಲ್ಲಿ ಉಳಿಯಬಹುದಾದ ಕೋಶದ ಡಿಎನ್ಎ 10 ನ್ಯಾನೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಗ್ರಾಮಿನ ನೂರು ಕೋಟಿಯಲ್ಲಿ ಹತ್ತು ಪಾಲು. ಅಷ್ಟು ಮೃದುವಾದ ವಸ್ತುವನ್ನು ಅಷ್ಟು ಕಟ್ಟುನಿಟ್ಟಾಗಿ ತೊಳೆಯಬೇಕು ಎಂಬುದರಲ್ಲಿಯೇ ನಮ್ಮ ಕೆಲಸದ ಕಷ್ಟವೆಲ್ಲ ಇದೆ.

ಇದಕ್ಕೆ ಬಹುಕಾಲದಿಂದ ನಡೆದುಬಂದ ಉಪಾಯ ಕಾಲಂ. 1956ರಲ್ಲಿ ಅಮೆರಿಕದ ಪೀಟರ್ಸನ್ ಮತ್ತು ಸೋಬರ್ ಎಂಬ ಇಬ್ಬರು ಸೆಲ್ಯುಲೋಸ್ ಪುಡಿಗೆ ಡೈಈಥೈಲ್‌ಅಮೈನೊಈಥೈಲ್ ಎಂಬ ಧನಾವೇಶದ ಗುಂಪುಗಳನ್ನು ಅಂಟಿಸಿ, ಅದನ್ನು ಗಾಜಿನ ಕೊಳವೆಯಲ್ಲಿ ತುಂಬಿ, ಮೇಲಿನಿಂದ ಪ್ರೋಟೀನುಗಳ ಮಿಶ್ರಣವನ್ನು ಸುರಿದರು. ಋಣಾವೇಶದ ಪ್ರೋಟೀನುಗಳು ಪುಡಿಗೆ ಅಂಟಿಕೊಂಡವು. ನೀರಿನಲ್ಲಿ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹೋದಂತೆ ಒಂದೊಂದಾಗಿ ಕಳಚಿ ಹೊರಬಂದವು. ಇಂದಿನ ಕಾಲಂಗಳಲ್ಲಿ ಪುಡಿಯ ಬದಲು ಮಣಿಗಳಿವೆ. ಒಂದೊಂದು ಮಣಿಯೂ ಸುಮಾರು 50ರಿಂದ 90 ಮೈಕ್ರಾನ್ ಅಗಲ, ಒಳಗೆಲ್ಲ ಸ್ಪಂಜಿನಂತೆ ಸೂಕ್ಷ್ಮ ರಂಧ್ರಗಳು. ನಾವು ದಿನಬಳಕೆಯಲ್ಲಿ ಇವನ್ನು ರೆಸಿನ್ ಎನ್ನುತ್ತೇವೆ. ಪ್ರತಿಕಾಯವನ್ನು ಹಿಡಿಯುವ ಪ್ರೋಟೀನ್-ಎ ರೆಸಿನ್ನಿಗೆ ಲೀಟರಿಗೆ ಲಕ್ಷಗಟ್ಟಲೆ ರೂಪಾಯಿ ಬೆಲೆ, ಆದ್ದರಿಂದ ಅದನ್ನು ತೊಳೆದು ನೂರಾರು ಸಲ ಮರುಬಳಕೆ ಮಾಡುತ್ತಾರೆ.

ಮಣಿಯ ಹಿಡಿಯುವ ಶಕ್ತಿ ಅದರ ಒಳಗಿದೆ. ಪುಣೆಯ ಹಳೆಯ ಪೇಠಗಳಲ್ಲಿರುವ ವಾಡೆಗಳನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಬೀದಿಯಿಂದ ನೋಡಿದರೆ ಒಂದು ಬಾಗಿಲು. ಒಳಗೆ ಹೋದರೆ ಚೌಕ, ಅದರಾಚೆ ಇನ್ನೊಂದು ಚೌಕ, ಸುತ್ತಲೂ ಕೋಣೆಗಳು, ಕೋಣೆಯೊಳಗೆ ಕೋಣೆ. ಬಹಳ ಜನ ಹಿಡಿಸುತ್ತಾರೆ, ಆದರೆ ಕಟ್ಟಕಡೆಯ ಕೋಣೆಗೆ ತಲುಪಲು ಹೊತ್ತು ಬೇಕು, ಏಕೆಂದರೆ ಒಳಗೆ ಯಾರೂ ತಳ್ಳಿಕೊಂಡು ಹೋಗುವುದಿಲ್ಲ. ಪಂಪು ದೂಡಿದ ದ್ರವ ಮಣಿಗಳ ನಡುವಿನ ಸಂದುಗಳಲ್ಲಿ ಮಾತ್ರ ಹರಿಯುತ್ತದೆ. ಮಣಿಯ ಒಳಕ್ಕೆ ಪ್ರೋಟೀನು ತಾನೇ ತಡವರಿಸುತ್ತ, ದಿಕ್ಕುದೆಸೆಯಿಲ್ಲದೆ ಅಲೆಯುತ್ತ, ವಿಸರಣೆಯಿಂದ ಹೋಗಬೇಕು. ನೀರಿನಲ್ಲಿ ಪ್ರತಿಕಾಯದ ವಿಸರಣೆಯ ದರ ಸೆಕೆಂಡಿಗೆ ಸುಮಾರು 40 ಚದರ ಮೈಕ್ರಾನ್. 90 ಮೈಕ್ರಾನಿನ ಮಣಿಯ ನಡುವಿಗೆ 45 ಮೈಕ್ರಾನ್ ದೂರ. ದೂರದ ವರ್ಗವನ್ನು ದರದಿಂದ ಭಾಗಿಸಿದರೆ ಸುಮಾರು 50 ಸೆಕೆಂಡು ಬರುತ್ತದೆ. ಅದು ಬರಿಯ ನೀರಿನ ಲೆಕ್ಕ. ಇಕ್ಕಟ್ಟಾದ ಒಳರಂಧ್ರಗಳಲ್ಲಿ ಚಲನೆ ಹತ್ತು ಪಟ್ಟು ನಿಧಾನವಾಯಿತೆಂದು ಹಿಡಿದರೂ ಎಂಟು ನಿಮಿಷ ದಾಟುತ್ತದೆ. ಅದಕ್ಕಾಗಿಯೇ ಕಾಲಮ್ಮಿನಲ್ಲಿ ದ್ರವವನ್ನು ಅವಸರದಿಂದ ಓಡಿಸುವಂತಿಲ್ಲ. ಓಡಿಸಿದರೆ ಹೊರಕೋಣೆಗಳು ತುಂಬುವಷ್ಟರಲ್ಲಿ ಉಳಿದ ಪ್ರೋಟೀನು ಬೀದಿ ದಾಟಿ ಹೋಗಿಬಿಡುತ್ತದೆ.

ಪೊರೆಯಲ್ಲಿ ಹೀಗಿಲ್ಲ. ಅಲ್ಲಿ ದ್ರವವು ರಂಧ್ರದ ಒಳಗಿನಿಂದಲೇ ಹರಿಯುತ್ತದೆ. ಪುಣೆಯ ತುಳಶೀಬಾಗ್ ಮಾರುಕಟ್ಟೆಯ ಓಣಿಯಲ್ಲಿ ನಡೆದು ಹೋಗುವಾಗ ಎರಡೂ ಕಡೆಯ ಅಂಗಡಿಗಳು ಕೈಗೆ ತಾಕುವಂತಿರುವ ಹಾಗೆ, ಹರಿವು ಪ್ರೋಟೀನನ್ನು ನೇರವಾಗಿ ಗೋಡೆಯ ಪಕ್ಕಕ್ಕೆ ತಂದು ನಿಲ್ಲಿಸುತ್ತದೆ. ಒಂದು ಮೈಕ್ರಾನ್ ಅಗಲದ ರಂಧ್ರದಲ್ಲಿ ನಡುವಿನಿಂದ ಗೋಡೆಗೆ ಅರ್ಧ ಮೈಕ್ರಾನ್. ಅದೇ ಲೆಕ್ಕ ಹಾಕಿದರೆ ಒಂದು ಸೆಕೆಂಡಿನ ಸಾವಿರದಲ್ಲಿ ಆರು ಪಾಲು. ಕಾಲಂ ನಾಲ್ಕೈದು ನಿಮಿಷ ಬೇಡುವ ಸಂಪರ್ಕಕ್ಕೆ ಪೊರೆಗೆ ಕೆಲವೇ ಸೆಕೆಂಡು ಸಾಕಾಗುತ್ತದೆ. ಮೊದಲ ಸಲ ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ಇಷ್ಟು ಸರಳವಾದ ಲಾಭವಿರುವಾಗ ಜಗತ್ತಿನ ಕಾರ್ಖಾನೆಗಳೆಲ್ಲ ಇನ್ನೂ ಮಣಿಗಳನ್ನೇಕೆ ಹಿಡಿದುಕೊಂಡು ಕುಳಿತಿವೆ ಎಂದು ಆಗ ಅನ್ನಿಸಿತ್ತು. ಉತ್ತರ ಇನ್ನೊಂದು ಲೆಕ್ಕದಲ್ಲಿತ್ತು.

ಒಂದು ಮೈಕ್ರಾನ್ ಅಗಲದ ಕೊಳವೆಯಾಕಾರದ ರಂಧ್ರಗಳು ಪೊರೆಯ ಗಾತ್ರದ ನೂರಕ್ಕೆ 70ರಷ್ಟನ್ನು ತುಂಬಿವೆ ಎಂದುಕೊಳ್ಳೋಣ. ಆಗ ಒಂದು ಮಿಲಿಲೀಟರ್ ಪೊರೆಯಲ್ಲಿ ಗೋಡೆಗಳ ವಿಸ್ತಾರ ಸುಮಾರು 2.8 ಚದರ ಮೀಟರ್. ಬರಿಯ ಗೋಡೆಯ ಮೇಲೆ ಪ್ರೋಟೀನು ಒಂದೇ ಪದರವಾಗಿ ಕುಳಿತರೆ ಒಂದು ಚದರ ಮೀಟರಿಗೆ ಎರಡು ಮೂರು ಮಿಲಿಗ್ರಾಂ ಹಿಡಿಯುತ್ತದೆ. ಎಂದರೆ ಇಡೀ ಮಿಲಿಲೀಟರಿಗೆ ಆರೋ ಎಂಟೋ ಮಿಲಿಗ್ರಾಂ. ಒಳ್ಳೆಯ ಮಣಿಗಳು ಅದೇ ಜಾಗದಲ್ಲಿ ನೂರು ಮಿಲಿಗ್ರಾಂ ಹಿಡಿಯಬಲ್ಲವು. ವಾಡೆಗೆ ಕೋಣೆಗಳಿವೆ, ಓಣಿಗೆ ಗೋಡೆ ಮಾತ್ರ ಇದೆ. ಓಣಿಯ ವೇಗವನ್ನು ಕಳೆದುಕೊಳ್ಳದೆ ವಾಡೆಯ ಹಿಡಿತವನ್ನು ಗಳಿಸುವುದು ಹೇಗೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರವೇ ಪಾಲಿಮರ್ ಲೇಪ: ಗೋಡೆಯಿಂದ ರಂಧ್ರದೊಳಕ್ಕೆ ಹುಲ್ಲಿನಂತೆ ನಿಂತಿರುವ ಉದ್ದನೆಯ ಸರಪಳಿಗಳು, ಪ್ರತಿಯೊಂದು ಸರಪಳಿಯ ಮೈತುಂಬ ಧನಾವೇಶದ ಅಥವಾ ಋಣಾವೇಶದ ಗುಂಪುಗಳು. ಆಗ ಪ್ರೋಟೀನು ಗೋಡೆಯ ಮೇಲೆ ಒಂದೇ ಪದರವಾಗಿ ಕೂರುವುದಿಲ್ಲ, ಹುಲ್ಲಿನ ನಡುವೆ ಅನೇಕ ಪದರಗಳಲ್ಲಿ ಸೇರಿಕೊಳ್ಳುತ್ತದೆ.

ಲೇಪಕ್ಕೆ ಇನ್ನೊಂದು ಕರ್ತವ್ಯವೂ ಇದೆ. ಒತ್ತಡವನ್ನು ತಾಳುವ ಗಟ್ಟಿ ಪೊರೆಗಳನ್ನು ಹೆಚ್ಚಾಗಿ ಪಾಲಿಈಥರ್‌ಸಲ್ಫೋನ್, ಪಾಲಿಪ್ರೊಪಿಲೀನ್, ಪಿವಿಡಿಎಫ್ ಮುಂತಾದ ಪ್ಲಾಸ್ಟಿಕ್ಕುಗಳಿಂದ ಮಾಡುತ್ತಾರೆ. ಇವುಗಳಲ್ಲಿ ಹಲವು ನೀರನ್ನು ಒಲ್ಲದವು, ಆದರೆ ಪ್ರೋಟೀನಿನ ಎಣ್ಣೆಗುಣದ ಭಾಗಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹಾಗೆ ಹಿಡಿದದ್ದನ್ನು ಉಪ್ಪು ನೀರಿನಿಂದ ಬಿಡಿಸಲಾಗುವುದಿಲ್ಲ. ಅಕ್ಕರೆಯಿಂದ ತಯಾರಿಸಿದ ಪ್ರೋಟೀನು ಹೀಗೆ ಪ್ಲಾಸ್ಟಿಕ್ಕಿಗೆ ಅಂಟಿ ಹಾಳಾಗುವುದನ್ನು ನೋಡಿದವರಿಗೆ, ನೀರನ್ನು ಪ್ರೀತಿಸುವ ಒಂದು ಹೊದಿಕೆ ಆ ಪ್ಲಾಸ್ಟಿಕ್ಕಿನ ಮೈಯನ್ನು ಎಲ್ಲಿಯೂ ಬಿಡದೆ ಮುಚ್ಚಬೇಕೆಂಬುದು ಎಷ್ಟು ಮುಖ್ಯವೆಂದು ಗೊತ್ತು. ಸೆಲ್ಯುಲೋಸಿನ ಪೊರೆಗೆ ಈ ತೊಂದರೆ ಕಡಿಮೆ. ಅದು ಹತ್ತಿಯ ಬಂಧು, ನೀರನ್ನು ತಾನಾಗಿಯೇ ಒಳಗೆ ಕರೆದುಕೊಳ್ಳುತ್ತದೆ, ಆದರೆ ಗಟ್ಟಿತನದಲ್ಲಿ ಹಿಂದೆ.

ಹತ್ತಿಯ ಮಾತು ಬಂದಾಗ ನನಗೆ ಧಾರವಾಡದ ನಮ್ಮ ಮನೆಯ ಹಿತ್ತಲು ನೆನಪಾಗುತ್ತದೆ. ಅವ್ವ ಅಪ್ಪನ ಧೋತರಗಳಿಗೂ ತನ್ನ ಹತ್ತಿ ಸೀರೆಗಳಿಗೂ ಅನ್ನದ ಗಂಜಿ ಹಾಕುತ್ತಿದ್ದಳು. ಗಂಜಿ ತೆಳುವಾದರೆ ಬಟ್ಟೆ ನಿಲ್ಲುವುದಿಲ್ಲ, ಜೋಲುತ್ತದೆ. ದಪ್ಪವಾದರೆ ಒಣಗಿದ ಮೇಲೆ ಹಪ್ಪಳದಂತೆ ಬಿರುಸಾಗಿ, ಎಳೆಗಳ ನಡುವಿನ ಸಂದೆಲ್ಲ ಮುಚ್ಚಿಹೋಗಿ, ಗಾಳಿ ಆಡದೆ, ಉಟ್ಟವರು ಬೆವರುತ್ತಾರೆ. ಅವಳು ಗಂಜಿಯ ನೀರಿನಲ್ಲಿ ಬೆರಳದ್ದಿ, ಎರಡು ಬೆರಳುಗಳನ್ನು ತಿಕ್ಕಿ ನೋಡಿ, ಇನ್ನು ಒಂದು ತಂಬಿಗೆ ನೀರು ಬೇಕು ಎಂದು ಹೇಳುತ್ತಿದ್ದಳು. ಗಂಜಿಯೆಂದರೆ ಪಿಷ್ಟ, ಅದೂ ಒಂದು ಪಾಲಿಮರೇ, ಬಟ್ಟೆಯೆಂದರೆ ಸೆಲ್ಯುಲೋಸ್. ಅವಳು ಮಾಡುತ್ತಿದ್ದದ್ದು ರಂಧ್ರಗಳುಳ್ಳ ಸೆಲ್ಯುಲೋಸಿಗೆ ಪಾಲಿಮರ್ ಲೇಪವನ್ನೇ ಎಂದು ನಾನು ಸೋದರನ ಮಗಳಿಗೆ ಹೇಳಿದಾಗ ಅವಳು ನಕ್ಕಳು, ಆದರೆ ನಾನು ಅಕ್ಷರಶಃ ಹೇಳಿದ ಮಾತದು.

ಒಂದು ವ್ಯತ್ಯಾಸ ಮಾತ್ರ ಇದೆ. ಗಂಜಿ ಮುಂದಿನ ಒಗೆತದಲ್ಲಿ ಹೋಗಿಬಿಡುತ್ತದೆ. ಪ್ರೋಟೀನು ಶುದ್ಧಗೊಳಿಸುವ ಪೊರೆಯನ್ನು ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ತೊಳೆಯಬೇಕಾಗುವುದರಿಂದ, ಮತ್ತು ಲೇಪದ ಚೂರೊಂದು ಕಳಚಿ ಔಷಧದಲ್ಲಿ ಬೆರೆಯುವುದು ಯಾರಿಗೂ ಒಪ್ಪಿಗೆಯಾಗದ ಸಂಗತಿಯಾದ್ದರಿಂದ, ಲೇಪವು ಗೋಡೆಗೆ ರಾಸಾಯನಿಕ ಬಂಧದಿಂದಲೇ ಕೂಡಿರಬೇಕು. ಇದನ್ನು ಕಸಿ ಎನ್ನುವುದು ಸರಿಯಾದ ಮಾತು. ಮಾವಿನ ಗಿಡಕ್ಕೆ ಕಸಿ ಕಟ್ಟಿದಾಗ ಕೊಂಬೆ ಹೇಗೆ ಬುಡದ ಮೈಯಲ್ಲಿ ಒಂದಾಗುತ್ತದೆಯೋ ಹಾಗೆ. ಸೆಲ್ಯುಲೋಸಿನ ಮೈಮೇಲಿರುವ ಹೈಡ್ರಾಕ್ಸಿಲ್ ಗುಂಪುಗಳಿಗೆ ಮೊದಲು ಬ್ರೋಮಿನ್ ಹೊತ್ತ ಒಂದು ಸಣ್ಣ ಅಣುವನ್ನು ಜೋಡಿಸುತ್ತೇವೆ. ಅದು ಮೊಳಕೆಯ ಕಣ್ಣು. ಆಮೇಲೆ ಬಿಲ್ಲೆಯನ್ನು ಗ್ಲೈಸಿಡೈಲ್ ಮೆಥಾಕ್ರಿಲೇಟ್ ಎಂಬ, ಸರಪಳಿಯ ಕೊಂಡಿಗಳಾಗುವ ಸಣ್ಣ ಅಣುಗಳ ದ್ರಾವಣದಲ್ಲಿ ಮುಳುಗಿಸಿ, ನೈಟ್ರೋಜನ್ ಗುಳ್ಳೆ ಹಾಯಿಸಿ ಆಮ್ಲಜನಕವನ್ನು ಓಡಿಸಿ, ತಾಮ್ರದ ಕ್ರಿಯಾವರ್ಧಕವನ್ನು ಹಾಕಿದರೆ, ಪ್ರತಿಯೊಂದು ಕಣ್ಣಿನಿಂದಲೂ ಒಂದು ಸರಪಳಿ ಬೆಳೆಯತೊಡಗುತ್ತದೆ. 1995ರಲ್ಲಿ ಪ್ರಕಟವಾದ ಈ ಬಗೆಯ ಪಾಲಿಮರೀಕರಣದ ಸೊಗಸೆಂದರೆ, ಸರಪಳಿಗಳು ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗಿ ಒಟ್ಟಿಗೇ ಬೆಳೆಯುತ್ತವೆ. ಎಷ್ಟು ಹೊತ್ತು ಬಿಟ್ಟೆವೋ ಅಷ್ಟು ಉದ್ದ. ಕೊನೆಗೆ ಡೈಈಥೈಲ್‌ಅಮೈನನ್ನು ಸೇರಿಸಿದರೆ ಸರಪಳಿಯ ಎಪಾಕ್ಸಿ ಉಂಗುರಗಳು ತೆರೆದುಕೊಂಡು ಅಮೈನ್ ಗುಂಪುಗಳು ಕೂಡಿಕೊಳ್ಳುತ್ತವೆ. ಪೀಟರ್ಸನ್ ಮತ್ತು ಸೋಬರ್ ಸೆಲ್ಯುಲೋಸ್ ಪುಡಿಗೆ ಅಂಟಿಸಿದ್ದಕ್ಕೆ ತೀರ ಹತ್ತಿರದ ಗುಂಪೇ ಇದು. ರಸಾಯನ ಹಳೆಯದೇ, ಅದು ನಿಂತಿರುವ ಜಾಗ ಬದಲಾಗಿದೆ. ಕಸಿ ಮಾಡಲು ಬೇರೆ ದಾರಿಗಳೂ ಇವೆ. ಕೆಲವರು ನೇರಳಾತೀತ ಬೆಳಕನ್ನು ಬಳಸುತ್ತಾರೆ, ಕೆಲವರು ಇಲೆಕ್ಟ್ರಾನ್ ಕಿರಣಗಳನ್ನು. ನಾನು ಕೈಯಾರೆ ಮಾಡಿದ್ದು ಮೇಲೆ ಹೇಳಿದ ದಾರಿಯನ್ನು ಮಾತ್ರ.

ಕೈಯಾರೆ ಮಾಡಿ ಕೆಡಿಸಿದ್ದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ, ಸರಪಳಿ ಉದ್ದವಾದಷ್ಟೂ ಹಿಡಿತ ಹೆಚ್ಚು ಎಂಬ ಸರಳ ನಂಬಿಕೆಯಿಂದ, ಒಂದು ಬ್ಯಾಚಿನ ಬಿಲ್ಲೆಗಳನ್ನು ಎಂದಿಗಿಂತ ಮೂರು ಪಟ್ಟು ಹೆಚ್ಚು ಹೊತ್ತು ದ್ರಾವಣದಲ್ಲಿ ಬಿಟ್ಟೆ. ಆಷಾಢದ ಮಳೆ. ಕಸಿ ಎಷ್ಟಾಯಿತೆಂದು ತಿಳಿಯಲು ತೂಕ ಮಾಡಹೋದರೆ ತಕ್ಕಡಿಯ ಮೇಲೆ ಒಣ ಬಿಲ್ಲೆಯ ತೂಕ ನೋಡನೋಡುತ್ತಿದ್ದಂತೆ ಏರುತ್ತಿತ್ತು; ಸೆಲ್ಯುಲೋಸ್ ಪುಣೆಯ ಮಳೆಗಾಲದ ತೇವವನ್ನೆಲ್ಲ ಹೀರುತ್ತಿತ್ತು. ನಿರ್ವಾತದಲ್ಲಿ ಒಣಗಿಸಿ, ಮುಚ್ಚಳವಿದ್ದ ಸೀಸೆಯಲ್ಲಿಟ್ಟು ತೂಗಿದ ಮೇಲೆ ನಿಜವಾದ ಸಂಖ್ಯೆ ಸಿಕ್ಕಿತು, ಅದು ಬಹಳ ಚೆನ್ನಾಗಿಯೇ ಇತ್ತು. ಬಿಲ್ಲೆಯನ್ನು ಬೀಕರಿನಲ್ಲಿ ಪ್ರೋಟೀನು ದ್ರಾವಣದೊಳಗೆ ಒಂದು ರಾತ್ರಿ ಅದ್ದಿಟ್ಟು ಎಷ್ಟು ಹಿಡಿಯಿತೆಂದು ನೋಡಿದರೆ, ಅಲ್ಲಿಯವರೆಗೆ ನಾನು ಕಂಡ ಅತ್ಯಂತ ದೊಡ್ಡ ಸಂಖ್ಯೆ. ಆ ಸಂಜೆ ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಸಂತೋಷಪಟ್ಟೆ.

ಮರುದಿನ ಬಿಲ್ಲೆಯನ್ನು ಹೋಲ್ಡರಿನಲ್ಲಿಟ್ಟು ಪಂಪಿಗೆ ಜೋಡಿಸಿ, ಉಪ್ಪು ಕಡಿಮೆಯಿದ್ದ ಬಫರನ್ನು, ಅಂದರೆ ಆಮ್ಲ-ಕ್ಷಾರದ ಮಟ್ಟ (ಪಿಎಚ್) ಬದಲಾಗದಂತೆ ಕಾಯುವ ದ್ರಾವಣವನ್ನು, ಹರಿಸಿದಾಗ ಒತ್ತಡದ ಮುಳ್ಳು ಏರುತ್ತಲೇ ಹೋಯಿತು, ಹನಿ ಬೀಳುವುದು ಮಾತ್ರ ನಿಂತುಹೋಯಿತು. ಧೂಳೋ ಕಸವೋ ಕಟ್ಟಿಕೊಂಡಿದೆಯೆಂದು ಭಾವಿಸಿ ಒಂದು ಮೋಲಾರ್ ಉಪ್ಪಿನ ದ್ರಾವಣದಿಂದ ತೊಳೆದೆ. ಒತ್ತಡ ತಟ್ಟನೆ ಇಳಿಯಿತು, ದ್ರವ ಸರಾಗವಾಗಿ ಹರಿಯಿತು. ಕಸ ಹೋಯಿತೆಂದು ಮತ್ತೆ ಉಪ್ಪು ಕಡಿಮೆಯಿದ್ದ ಬಫರನ್ನು ಬಿಟ್ಟರೆ ಪುನಃ ಅದೇ ಕಥೆ. ಮೂರು ಸಲ ಹೀಗಾದ ಮೇಲೆ ತಿಳಿಯಿತು: ಅಲ್ಲಿ ಕಸವೇ ಇರಲಿಲ್ಲ. ಸರಪಳಿಯ ಮೈಮೇಲೆ ಇರುವುದೆಲ್ಲ ಧನಾವೇಶ. ಉಪ್ಪು ಕಡಿಮೆಯಿದ್ದಾಗ ಅವು ಒಂದನ್ನೊಂದು ದೂಡುವುದರಿಂದ ಸರಪಳಿಗಳು ಸೆಟೆದು ಎದ್ದು ನಿಲ್ಲುತ್ತವೆ, ರಂಧ್ರದ ನಡುವಿನವರೆಗೂ ಚಾಚಿಕೊಳ್ಳುತ್ತವೆ. ಉಪ್ಪು ಹೆಚ್ಚಾದಾಗ ಆ ದೂಡಾಟ ಅಡಗಿ, ಸರಪಳಿಗಳು ಮುದುರಿ ಗೋಡೆಗೆ ಒರಗುತ್ತವೆ. ಒಣಗಿದ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರಂಧ್ರಗಳು ತೆರೆದಿವೆಯೆಂದು ನಂಬಿದ್ದೆ, ಆದರೆ ಒಣಗಿದ್ದಾಗ ತೆರೆದಿರುವುದಕ್ಕೂ ನೀರಿನಲ್ಲಿ ನೆನೆದಾಗ ತೆರೆದಿರುವುದಕ್ಕೂ ಸಂಬಂಧವಿರಲಿಲ್ಲ.

ಕೊಳವೆಯೊಳಗಿನ ಹರಿವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ ಎಂಬ ನಿಯಮವನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಹೊಟ್ಟೆಗೆ ತಾಕಿದ್ದು ಆವತ್ತು. ಅರ್ಧ ಮೈಕ್ರಾನ್ ತ್ರಿಜ್ಯದ ರಂಧ್ರದ ಗೋಡೆಯ ಮೇಲೆ 0.1 ಮೈಕ್ರಾನ್ ದಪ್ಪದ ಲೇಪ ನಿಂತರೆ ತ್ರಿಜ್ಯ ಕುಗ್ಗುವುದು ಐದರಲ್ಲಿ ಒಂದು ಪಾಲು ಮಾತ್ರ, ಆದರೆ ಹರಿವು ನೂರಕ್ಕೆ 41ಕ್ಕೆ ಇಳಿಯುತ್ತದೆ. ಲೇಪ 0.25 ಮೈಕ್ರಾನ್ ಆದರೆ ಹದಿನಾರರಲ್ಲಿ ಒಂದು ಪಾಲು ಉಳಿಯುತ್ತದೆ. ಆದ್ದರಿಂದ ಪೊರೆಯ ಹಿಡಿತವನ್ನು ಬೀಕರಿನಲ್ಲಿ ಅಳೆದ ಸಂಖ್ಯೆಯಿಂದ ತೀರ್ಮಾನಿಸುವುದನ್ನು ನಾನು ಅಂದಿನಿಂದ ಬಿಟ್ಟೆ. ಹರಿಯುತ್ತಿರುವಾಗ, ಕೆಲಸದ ಬಫರಿನಲ್ಲಿಯೇ, ಹೊರಬರುವ ದ್ರವದಲ್ಲಿ ಪ್ರೋಟೀನು ಒಳಬಿಟ್ಟದ್ದರ ನೂರಕ್ಕೆ ಹತ್ತನ್ನು ಮುಟ್ಟುವ ತನಕ ಎಷ್ಟು ಹಿಡಿಯಿತು, ಆಗ ಒತ್ತಡ ಎಷ್ಟಿತ್ತು — ಈ ಎರಡು ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಬರೆಯದ ವರದಿಯನ್ನು ಓದುವಾಗ ನನಗೆ ಅಸಮಾಧಾನವಾಗುತ್ತದೆ. ಪ್ರಬಂಧಗಳಲ್ಲಿಯೂ ಮಾರಾಟದ ಕೈಪಿಡಿಗಳಲ್ಲಿಯೂ ಮೊದಲನೆಯದು ದಪ್ಪಕ್ಷರದಲ್ಲಿರುತ್ತದೆ, ಎರಡನೆಯದನ್ನು ಹುಡುಕಬೇಕಾಗುತ್ತದೆ.

ನಾಲ್ಕನೆಯ ಘಾತ ಇನ್ನೊಂದು ರೀತಿಯಲ್ಲಿಯೂ ಕಾಡುತ್ತದೆ. ಯಾವ ಪೊರೆಯಲ್ಲೂ ಎಲ್ಲ ರಂಧ್ರಗಳೂ ಒಂದೇ ಅಳತೆಯವಲ್ಲ. ಪಕ್ಕದ್ದಕ್ಕಿಂತ ನೂರಕ್ಕೆ 20ರಷ್ಟು ಅಗಲವಾದ ರಂಧ್ರ ಎರಡು ಪಟ್ಟಿಗಿಂತ ಹೆಚ್ಚು ದ್ರವವನ್ನು ಹಾಯಿಸುತ್ತದೆ. ಅದರ ಗೋಡೆಯ ವಿಸ್ತಾರ ಮಾತ್ರ ಅಷ್ಟು ಹೆಚ್ಚಿಲ್ಲ. ಹೀಗಾಗಿ ಅಗಲವಾದ ರಂಧ್ರಗಳು ಬೇಗ ತುಂಬಿ ಸೋರತೊಡಗುತ್ತವೆ, ಕಿರಿದಾದವು ಇನ್ನೂ ಅರ್ಧ ಖಾಲಿಯಾಗಿರುವಾಗಲೇ. ಒಂದೇ ಪೊರೆಯನ್ನು ಬಳಸಿದಾಗ ಇದಕ್ಕೆ ಪರಿಹಾರವಿಲ್ಲ. ಹಲವು ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ, ಒಂದರ ಅಗಲ ರಂಧ್ರದ ಕೆಳಗೆ ಇನ್ನೊಂದರ ಅಗಲ ರಂಧ್ರವೇ ಬರುವ ಸಂಭವ ಕಡಿಮೆಯಾದ್ದರಿಂದ, ದಾರಿಗಳೆಲ್ಲ ಸರಾಸರಿಗೆ ಹತ್ತಿರವಾಗುತ್ತವೆ. ಮಾರುಕಟ್ಟೆಯಲ್ಲಿ ಸಿಗುವ ಪೊರೆಯ ಸಾಧನಗಳಲ್ಲಿ ಪದರಗಳನ್ನು ಕೆಲವು ಮಿಲಿಮೀಟರ್ ದಪ್ಪಕ್ಕೆ ಸುತ್ತಿ ಅಥವಾ ಪೇರಿಸಿ ಇಡುವುದಕ್ಕೆ ಇದೂ ಒಂದು ಕಾರಣ. ಆದರೆ ಅವುಗಳ ಹೊರಕವಚದಲ್ಲಿ ಪೊರೆಯ ಹಿಂದೆ ಮುಂದೆ ಉಳಿಯುವ ಖಾಲಿ ಜಾಗ, ಚೆನ್ನಾಗಿ ಬೇರ್ಪಟ್ಟ ಪ್ರೋಟೀನುಗಳನ್ನು ಹೊರಬರುವಾಗ ಮತ್ತೆ ಬೆರೆಸುತ್ತದೆ. ಪೊರೆಯ ತಪ್ಪೆಂದು ಹೇಳಲಾಗುವ ಅನೇಕ ಸಂಗತಿಗಳು ನಿಜವಾಗಿ ಡಬ್ಬಿಯ ತಪ್ಪುಗಳು ಎಂಬುದು ನನ್ನ ಅನುಭವ.

ಇಷ್ಟೆಲ್ಲ ಮಿತಿಗಳಿದ್ದರೂ ಪೊರೆ ಯಾವ ಕೆಲಸದಲ್ಲಿ ನಿಸ್ಸಂದೇಹವಾಗಿ ಗೆದ್ದಿದೆ ಎಂದು ಅಣ್ಣನ ಮಗಳು ಕೇಳಿದಳು. ಕೊನೆಯ ಹಂತದ ತೊಳೆತದಲ್ಲಿ ಎಂದು ಹೇಳಿದೆ. ಹೆಚ್ಚಿನ ಪ್ರತಿಕಾಯಗಳು ಪಿಎಚ್ ಎಂಟು ಒಂಬತ್ತರ ಆಸುಪಾಸಿನಲ್ಲಿ ಆವೇಶರಹಿತವಾಗುತ್ತವೆ. ಆದ್ದರಿಂದ ಪಿಎಚ್ ಏಳರ ಬಫರಿನಲ್ಲಿ ಅವುಗಳದ್ದು ಧನಾವೇಶ. ಪೊರೆಯ ಲೇಪದ್ದೂ ಧನಾವೇಶ. ಎರಡೂ ದೂಡಿಕೊಳ್ಳುವುದರಿಂದ ಪ್ರತಿಕಾಯ ಎಲ್ಲಿಯೂ ನಿಲ್ಲದೆ ಹಾದುಹೋಗುತ್ತದೆ. ಡಿಎನ್ಎ, ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾಗಳಿಂದ ಬರುವ ವಿಷ), ಬಹಳಷ್ಟು ವೈರಸ್ಸುಗಳು ಋಣಾವೇಶದವು; ಅವು ಲೇಪಕ್ಕೆ ಕಚ್ಚಿಕೊಂಡು ಉಳಿಯುತ್ತವೆ. ಇಲ್ಲಿ ಹಿಡಿಯಬೇಕಾದದ್ದು ಅಲ್ಪ, ಬಿಡಬೇಕಾದದ್ದು ಅಪಾರ. ಹಿಡಿತದ ಪ್ರಮಾಣ ಕಡಿಮೆಯೆಂಬ ಪೊರೆಯ ದೌರ್ಬಲ್ಯ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ವೇಗ ಮಾತ್ರ ಕೈಗೆ ಬರುತ್ತದೆ. ಬಫರಿನಲ್ಲಿ ಉಪ್ಪು ಹೆಚ್ಚಿದ್ದರೆ ಸಾಮಾನ್ಯ ಲೇಪದ ಹಿಡಿತ ಸಡಿಲವಾಗುತ್ತದೆ ಎಂಬುದು ತೊಡಕು. ಪ್ರಾಥಮಿಕ ಅಮೈನ್ ಗುಂಪುಗಳುಳ್ಳ ಲೇಪಗಳು ಆ ಉಪ್ಪನ್ನು ಹೆಚ್ಚು ತಾಳಿಕೊಳ್ಳುತ್ತವೆ.

ಇನ್ನೊಂದು ಗೆಲುವು ದೊಡ್ಡ ಕಣಗಳದ್ದು. ಕೊರೊನಾ ಕಾಲದಲ್ಲಿ ಪುಣೆಯ ಹೆಸರು ಜಗತ್ತಿನ ಬಾಯಲ್ಲಿತ್ತು. ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಕೋವಿಶೀಲ್ಡ್‌ನಲ್ಲಿ ಇದ್ದದ್ದು ಆಕ್ಸ್‌ಫರ್ಡ್‌ನಲ್ಲಿ ರೂಪಿಸಿದ, ಚಿಂಪಾಂಜಿಯ ಅಡಿನೊವೈರಸ್‌ನಿಂದ ಮಾಡಿದ, ವಂಶವಾಹಿಯನ್ನು ಜೀವಕೋಶದೊಳಕ್ಕೆ ಹೊತ್ತೊಯ್ಯುವ ವಾಹಕ. ಅಡಿನೊವೈರಸ್ಸಿನ ಅಡ್ಡಳತೆ ಸುಮಾರು 90 ನ್ಯಾನೊಮೀಟರ್. ಸಾಮಾನ್ಯ ರೆಸಿನ್ ಮಣಿಯ ಒಳಬಾಗಿಲಲ್ಲಿ ಅದು ಹಿಡಿಸುವುದೇ ಇಲ್ಲ. ವಾಡೆಯ ಎಲ್ಲ ಕೋಣೆಗಳೂ ಅದರ ಪಾಲಿಗೆ ಬೀಗ ಹಾಕಿದವು, ಹೊರಗೋಡೆಯೊಂದೇ ಗತಿ. ಒಂದು ಮೈಕ್ರಾನಿಗಿಂತ ಅಗಲವಾದ ಪೊರೆಯ ರಂಧ್ರದಲ್ಲಿ ಅದು ಆರಾಮವಾಗಿ ಹೋಗಿ ಲೇಪವನ್ನು ಮುಟ್ಟಬಲ್ಲದು. ಆಕ್ಸ್‌ಫರ್ಡ್‌ನ ಸಂಶೋಧಕರು ಇಂಥ ವಾಹಕಗಳ ಶುದ್ಧೀಕರಣಕ್ಕೆ ಧನಾವೇಶದ ಲೇಪವುಳ್ಳ ಪೊರೆಯನ್ನು ಬಳಸುವ ವಿಧಾನವನ್ನು ತಮ್ಮ ಪ್ರಬಂಧದಲ್ಲಿ ವಿವರಿಸಿದ್ದಾರೆ. 2022ರ ಜೂನ್‌ನಲ್ಲಿ ತುರ್ತು ಬಳಕೆಗೆ ಅನುಮತಿ ಪಡೆದ ಎಂಆರ್‌ಎನ್‌ಎ ಲಸಿಕೆಯನ್ನು ಅಭಿವೃದ್ಧಿಪಡಿಸಿದ ಜೆನ್ನೊವಾ ಕೂಡ ಪುಣೆಯದೇ. ಎಂಆರ್‌ಎನ್‌ಎ, ಪ್ಲಾಸ್ಮಿಡ್ ಡಿಎನ್ಎ, ವಂಶವಾಹಿ ಚಿಕಿತ್ಸೆಗೆ ಬಳಸುವ ವೈರಸ್ಸುಗಳು ಇವೆಲ್ಲ ಪ್ರೋಟೀನುಗಳಿಗಿಂತ ದೊಡ್ಡವು, ಮೆಲ್ಲಗೆ ವಿಸರಿಸುವವು. ಹೀಗೆ ಔಷಧಗಳ ಗಾತ್ರ ಬೆಳೆದಂತೆಲ್ಲ ಮಣಿಗಳ ಜಾಗವನ್ನು ಪೊರೆಗಳು ಹಿಡಿಯುತ್ತವೆಂಬುದು ನನ್ನ ದೃಢವಾದ ಅಭಿಪ್ರಾಯ.

ನನಗೆ ಒಪ್ಪಿಗೆಯಾಗದ ಸಂಗತಿಯೂ ಒಂದಿದೆ. ಪೊರೆಗಳನ್ನು ಹೆಚ್ಚಾಗಿ ಒಂದೇ ಸಲ ಬಳಸಿ ಎಸೆಯುವಂತೆ ಮಾಡುತ್ತಾರೆ. ತೊಳೆಯುವ ಶ್ರಮ, ತೊಳೆದದ್ದು ಸ್ವಚ್ಛವಾಯಿತೆಂದು ರುಜುವಾತುಪಡಿಸುವ ಕಾಗದಪತ್ರಗಳ ಶ್ರಮ ಎರಡೂ ಉಳಿಯುತ್ತವೆ, ಹಿಂದಿನ ಬ್ಯಾಚಿನ ಔಷಧ ಮುಂದಿನದರಲ್ಲಿ ಬೆರೆಯುವ ಭಯವಿಲ್ಲ. ಈ ವಾದವೆಲ್ಲ ಸರಿಯೇ. ಆದರೆ ಹೊರದೇಶದಿಂದ ತರಿಸಿದ ಬೆಲೆಬಾಳುವ ಸಾಧನವನ್ನು ಒಂದು ದಿನದ ಕೆಲಸಕ್ಕೆ ಬಳಸಿ ಸುಡಲು ಕಳಿಸುವಾಗ ಪ್ರತಿಸಲವೂ ಮನಸ್ಸಿಗೆ ನೋವಾಗುತ್ತದೆ. 1950ರ ಜನವರಿ 3ರಂದು ಪುಣೆಯ ಪಾಷಾಣ್ ಎಂಬ ಬಡಾವಣೆಯಲ್ಲಿ ನೆಹರೂ ಉದ್ಘಾಟಿಸಿದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಇಲ್ಲಿಂದ ಕೆಲವೇ ಮೈಲಿ. ಪಾಲಿಮರ್ ವಿಜ್ಞಾನದಲ್ಲಿ ಅದರ ಪರಂಪರೆ ದೊಡ್ಡದು. ಸೆಲ್ಯುಲೋಸ್ ಕೊಡುವ ಹತ್ತಿಗೆ ನಮ್ಮಲ್ಲಿ ಬರವಿಲ್ಲ, ಕಸಿಯ ರಸಾಯನವನ್ನು ಬಲ್ಲ ಕೈಗಳಿಗೂ ಬರವಿಲ್ಲ. ಕಾಸ್ಟಿಕ್ ತೊಳೆತವನ್ನು ಇಪ್ಪತ್ತು ಮೂವತ್ತು ಸಲವಾದರೂ ತಾಳಬಲ್ಲ ಲೇಪವೊಂದು ಇಲ್ಲಿಯೇ ಬರಬೇಕೆಂದು ನಾನು ಬಯಸುತ್ತೇನೆ, ನನ್ನ ಮೇಜಿನ ಮೇಲಿನ ಬಿಲ್ಲೆಗಳು ಆ ಬಯಕೆಯವೇ. ಮನೆಗೆ ತಂದದ್ದು ಕೆಲಸ ಮುಗಿದ ಮೇಲೆ ಉಳಿದ, ಇನ್ನೂ ಲೇಪ ಹಾಕದ ತುಂಡುಗಳನ್ನು ಮಾತ್ರ.

ಹೊರಡುವ ದಿನ ಬೆಳಿಗ್ಗೆ ಅವಳು ಅಂಥ ನಾಲ್ಕು ಬಿಲ್ಲೆಗಳನ್ನು ಕೇಳಿ ತೆಗೆದುಕೊಂಡಳು. ಮಾಟುಂಗಾದ ಪ್ರಯೋಗಾಲಯದಲ್ಲಿ ನಾಲ್ಕನ್ನೂ ಬೇರೆ ಬೇರೆ ಹೊತ್ತು ಕಸಿಗೆ ಬಿಟ್ಟು, ಪ್ರೋಟೀನನ್ನು ಮುಟ್ಟುವ ಮೊದಲು, ಬರಿಯ ನೀರು ಮತ್ತು ಉಪ್ಪು ನೀರು ಎರಡರಲ್ಲಿಯೂ ಹರಿವನ್ನು ಅಳೆಯುತ್ತಾಳಂತೆ. ಮೊನ್ನೆ ರಾತ್ರಿ ಮೊದಲೆರಡು ಬಿಲ್ಲೆಗಳ ಸಂಖ್ಯೆಗಳನ್ನು ಕಳಿಸಿದ್ದಾಳೆ: ಒಂದು ಗಂಟೆ ಬಿಟ್ಟದ್ದರಲ್ಲಿ ನೀರಿಗೂ ಉಪ್ಪು ನೀರಿಗೂ ಹೆಚ್ಚು ವ್ಯತ್ಯಾಸವಿಲ್ಲ, ಮೂರು ಗಂಟೆ ಬಿಟ್ಟದ್ದರಲ್ಲಿ ಉಪ್ಪು ನೀರು ಎರಡು ಪಟ್ಟು ಬೇಗ ಹರಿದಿದೆ. ಕೆಳಗೆ ಒಂದೇ ಸಾಲು ಬರೆದಿದ್ದಾಳೆ: "ಕಾಕಾ, ಎರಡು ತಾಸಿಂದೂ ಒಂದು ಮಾಡಿ ನೋಡ್ತೀನ್ರಿ."